ಅಡಿ ಕೋಣೆಯ ಇಲಿಗಳು

ಕಮಲಾಪುರದ ನೀಲಗಂಗಮ್ಮ ಹೇಳಬೇಕಾದ ಮಾತನ್ನು ಎರಡು ಸಲ ನುಂಗಿಕೊಂಡಳು. ಮೂರನೆಯ ಸಲ ಹೇಳಿದಳು. ಆಗ ಯಾರೂ ನಂಬಲಿಲ್ಲ.

ನಿಜಾಮ ಸರ್ಕಾರದ ಕಾಲ. ಕಲಬುರಗಿಯಲ್ಲಿ ಪ್ಲೇಗು ಹೊಕ್ಕು ಎರಡು ತಿಂಗಳಾಗಿತ್ತು. ಕಮಲಾಪುರಕ್ಕೆ ಇನ್ನೂ ಬಂದಿಲ್ಲ ಎಂದು ಜನ ಧೈರ್ಯವಾಗಿದ್ದರು. ನೀಲಗಂಗಮ್ಮನ ಗಂಡ ಅಣವೀರಪ್ಪ ಮತ್ತು ಅವನ ಅಣ್ಣ ಕಲ್ಯಾಣಪ್ಪ ಕೂಡಿ ಕೆಂಪು ಬಾಳೆಯ ತೋಟ ಮಾಡುತ್ತಿದ್ದರು. ಮನೆ ಎರಡು, ನಡುವೆ ಬಾಳೆಯನ್ನು ಹಣ್ಣಾಗಲು ಅಡಿ ಹಾಕುವ ಕೋಣೆ ಒಂದು. ಹಸಿ ಗೊನೆಗಳನ್ನು ಜೋಳದ ಕಣಿಕೆಯಲ್ಲಿ ಒಟ್ಟಿ, ಗೋಡೆಯ ಕಂಡಿಯಿಂದ ಹೊಗೆ ಕೊಟ್ಟು, ಬಾಗಿಲಿಗೆ ಸಗಣಿ ಮಣ್ಣು ಮೆತ್ತಿಬಿಟ್ಟರೆ ಐದನೆಯ ದಿನಕ್ಕೆ ಹಣ್ಣು. ನಡುವೆ ಬಾಗಿಲು ತೆಗೆದರೆ ಅರ್ಧ ಕಾಯಿ, ಅರ್ಧ ಕೊಳೆತ. ದನ ಕೂಡ ಮೂಸುವುದಿಲ್ಲ.

ಬಾಗಿಲು ಮೆತ್ತಿದ ಎರಡನೆಯ ದಿನ ಅಣವೀರಪ್ಪ ಹೊಗೆ ನೋಡಲು ಹೋದ. ಕಂಡಿಯ ಬಾಯಲ್ಲಿ ಮೂರು ಇಲಿ ಸತ್ತು ಬಿದ್ದಿದ್ದವು. ಬಾಲ ಹಿಡಿದು ಎತ್ತಿ ಹಿತ್ತಲಲ್ಲಿ ಹೂತ. ನೀಲಗಂಗಮ್ಮ ನೋಡಿದಳು.

"ಗೌಡರಿಗಿ ಹೇಳಬೇಕಲ್ರಿ," ಅಂದಳು.

ಇಲಿ ಬಿದ್ದರೆ ಗೌಡನಿಗೆ ಹೇಳಬೇಕು, ಓಣಿಗೆ ಓಣಿಯೇ ಬಾಗಿಲು ತೆರೆದಿಟ್ಟು ಹೊಲದಲ್ಲಿ ಗುಡಿಸಲು ಹಾಕಬೇಕು. ಇದು ಊರಿಗೆಲ್ಲ ಗೊತ್ತಿದ್ದ ಕಟ್ಟಳೆ.

"ಹೇಳಿದ್ರ ಇವತ್ತೇ ಬಾಗಿಲ ಒಡಸ್ತಾರ," ಅಂದ ಅಣವೀರಪ್ಪ. "ವರ್ಷದ ಬೆಳಿ ಒಳಗದ. ಮೂರೇ ದಿನ, ನೀಲಾ. ಹಣ್ಣು ತೆಗೆದ ಮ್ಯಾಲ ನಾನೇ ಹೋಗಿ ಹೇಳ್ತೀನಿ. ಅಲ್ಲಿತನ ಬಾಯಿ ಬಿಡಬ್ಯಾಡ."

ಅವಳು ಬಾಯಿ ಬಿಡಲಿಲ್ಲ.

ಮರುದಿನ ಕಲಬುರಗಿಯಿಂದ ಡಾಕ್ಟರು ಬಂದ. ಚಾವಡಿಯ ಮುಂದೆ ಮೇಜು ಹಾಕಿಸಿದ. ಡಾಕ್ಟರನ ಉರ್ದು ಎಲ್ಲರಿಗೂ ತಿಳಿಯದು ಎಂದು ಕಂಪೌಂಡರ್ ಕರೀಂಸಾಬ್ ಕನ್ನಡದಲ್ಲಿ ಹೇಳಿದ. ಎಲ್ಲರೂ ಪ್ಲೇಗಿನ ಸೂಜಿ ಮಾಡಿಸಿಕೊಳ್ಳಬೇಕು, ಒಂದು ದಿನ ಜ್ವರ ಬರುತ್ತದೆ, ತೋಳು ನೋಯುತ್ತದೆ, ಅಷ್ಟೇ.

"ಇಲಿ ಬಿದ್ದಿಲ್ಲ, ಜ್ವರಿಲ್ಲ. ಸುಮ್ಮ ಇದ್ದ ಮೈಗಿ ಸೂಜಿ ಯಾಕ್ರಿ?" ಎಂದು ಕಲ್ಯಾಣಪ್ಪ ಎದ್ದು ನಿಂತ.

"ನಾನೂ ಮಾಡಿಸ್ಕೊಂಡೀನ್ರಿ ಕಲ್ಯಾಣಪ್ಪನವ್ರ. ನೋಡ್ರಿ ತೋಳು. ಸತ್ತೀನೇನು?" ಅಂದ ಕರೀಂಸಾಬ್.

"ನೀ ಸರ್ಕಾರದ ಪಗಾರ ತಿನ್ನಾಂವ. ನಿನಗ ಬರೇ ನೀರು ಹಾಕಿರಬೇಕು."

ಹಿಂದಿನಿಂದ ಒಬ್ಬ ಕೂಗಿದ: "ಸೂಜಿ ಮಾಡಿಸ್ಕೊಂಡ ಗಂಡಸ್ರಿಗಿ ಮಕ್ಕಳೇ ಆಗಂಗಿಲ್ಲಂತ!"

"ನಿನಗ ಏಳು ಅವ. ನೀ ಎರಡು ಸಲ ಮಾಡಿಸ್ಕೊ ಮಾರಾಯಾ!" ಎಂದಳು ಓಣಿಯ ಬಂಡೆಮ್ಮ. ಚಾವಡಿಗೆ ಚಾವಡಿಯೇ ನಕ್ಕಿತು.

ನಗು ಇಳಿಯುವಷ್ಟರಲ್ಲಿ ಅಣವೀರಪ್ಪ ಮುಂದೆ ಹೋಗಿ ತೋಳು ಚಾಚಿದ್ದ. ಎಂಥ ಧೈರ್ಯ ಎಂದು ಜನ ಬಾಯ್ದೆರೆದರು. ಅದು ಧೈರ್ಯವಲ್ಲ, ಹೆದರಿಕೆ. ಇಲಿ ಮುಟ್ಟಿದ ಕೈ ಅದು. ನೀಲಗಂಗಮ್ಮನಿಗೆ ಮಾತ್ರ ಗೊತ್ತಿತ್ತು.

"ರೋಗ ಮೊದಲೇ ಮೈಯಾಗ ಹೊಕ್ಕಿದ್ರ ಸೂಜಿ ಕೈ ಹಿಡಿಯಂಗಿಲ್ಲ. ಅದಕ್ಕ ಕೇಳ್ತೀನಿ. ಮನ್ಯಾಗ ಇಲಿ ಬಿದ್ದಾವೇನು?" ಕರೀಂಸಾಬ್ ಕೇಳಿದ.

"ಇಲ್ರಿ," ಅಂದ ಅಣವೀರಪ್ಪ.

ಅವನ ಹಿಂದೆ ಇನ್ನೂ ಹದಿನೆಂಟು ಮಂದಿ ಮಾಡಿಸಿಕೊಂಡರು. ಉಳಿದವರು ನಾಳೆ ನೋಡೋಣ ಎಂದು ಮನೆಗೆ ಹೋದರು. ಡಾಕ್ಟರು ಕಂಪೌಂಡರನನ್ನು ಬಿಟ್ಟು ಮುಂದಿನ ಊರಿಗೆ ಹೋದ.

ಸಂಜೆಗೆ ಅಣವೀರಪ್ಪನಿಗೆ ಜ್ವರ ಬಂತು. ಸೂಜಿಯ ಜ್ವರವೆಂದರು. ಮರುದಿನವೂ ಇಳಿಯಲಿಲ್ಲ. ಮೂರನೆಯ ದಿನ ತೊಡೆಯ ಸಂದಿಯಲ್ಲಿ ನಿಂಬೆಹಣ್ಣಿನಷ್ಟು ಗಂಟು ಎದ್ದಿತು. ಅವತ್ತೇ ಕೋಣೆ ತೆಗೆಯುವ ದಿನ. ನೀಲಗಂಗಮ್ಮ ತಾನೇ ಬಾಗಿಲ ಮಣ್ಣು ಕೆತ್ತಿದಳು. ಕಣಿಕೆಯ ಅಡಿಯಲ್ಲಿ ಇನ್ನೂ ನಾಲ್ಕು ಇಲಿ. ಕಣಿಕೆಯ ಜೊತೆಗೇ ಸುಟ್ಟಳು. ಹಣ್ಣು ಚೆನ್ನಾಗಿ ಬಣ್ಣ ತಿರುಗಿದ್ದವು. ಕಲ್ಯಾಣಪ್ಪನ ಆಳುಗಳು ಗಾಡಿ ತುಂಬಿಕೊಂಡು ಹೋದರು.

ಅಣವೀರಪ್ಪ ಅವಳ ಸೆರಗು ಹಿಡಿದುಕೊಂಡ. "ಇಲಿ ಸುದ್ದಿ ಎತ್ತಬ್ಯಾಡ ನೀಲಾ. ಊರ ಮಂದಿ ನನ್ನ ಹೆಸರಿಗಿ ಉಗುಳ್ತಾರ." ಅವಳು ಹೂಂ ಅಂದಳು. ಸಾಯುವವನ ಮುಂದೆ ಬೇರೆ ಏನು ಹೇಳುವುದು? ಬೆಳಗಾಗುವಷ್ಟರಲ್ಲಿ ಹೋದ.

ಮಣ್ಣು ಮಾಡಿ ಬಂದ ಮೇಲೆ ಕಲ್ಯಾಣಪ್ಪ ಚಾವಡಿಯಲ್ಲಿ ಎದೆ ಬಡಿದುಕೊಂಡು ಅತ್ತ. "ಆನಿಯಂಥ ನನ್ನ ತಮ್ಮಗ ಸೂಜಿಯಾಗ ರೋಗ ತುಂಬಿ ಕೊಂದ್ರು!" ಸೂಜಿ ಮಾಡಿಸಿಕೊಂಡ ಹದಿನೆಂಟು ಮಂದಿ ಎದ್ದು ಓಡಾಡುತ್ತಿದ್ದರು. ಅವರನ್ನು ಯಾರೂ ನೋಡಲಿಲ್ಲ. ಸತ್ತ ಒಬ್ಬನನ್ನೇ ನೋಡಿದರು. ಇನ್ನು ಯಾರೂ ತೋಳು ಕೊಡಬಾರದೆಂದು ಆಣೆ ಮಾಡಿದರು. ಕರೀಂಸಾಬನ ಮೇಲೆ ಕಲ್ಲು ಬಿದ್ದವು.

ಊರು ಬಿಡುವ ಮುಂಚೆ ಅವನು ನೀಲಗಂಗಮ್ಮನ ಹಿತ್ತಲಿಗೆ ಬಂದ. ಹಣೆಯಿಂದ ರಕ್ತ ಇಳಿಯುತ್ತಿತ್ತು.

"ಯವ್ವಾ, ಸೂಜಿಗಿ ತೊಡಿಯಾಗ ಗಂಟು ಏಳಂಗಿಲ್ಲ. ಖರೆ ಹೇಳು. ನಿಮ್ಮ ಮನ್ಯಾಗ ಇಲಿ ಬಿದ್ದಿದ್ದವಿಲ್ಲೋ? ನೀ ಒಂದು ಮಾತು ಹೇಳಿದ್ರ ಈ ಓಣಿ ಉಳೀತದ."

ಬಂಡೆಮ್ಮ ಗೋಡೆಯ ಆಚೆ ನಿಂತು ಕೇಳುತ್ತಿದ್ದಳು.

"ಇಲ್ಲ," ಅಂದಳು ನೀಲಗಂಗಮ್ಮ. ಗಂಡನನ್ನು ಹೂತ ಮಣ್ಣು ಇನ್ನೂ ಹಸಿಯಿತ್ತು.

ಅಣವೀರಪ್ಪ ಸತ್ತ ಐದನೆಯ ದಿನ ಕಲ್ಯಾಣಪ್ಪನ ಹೆಂಡತಿ ಚಂದಮ್ಮನ ಒಲೆಯ ಮುಂದೆ ಒಂದು ಇಲಿ ಬಂದು ಗಿರಗಿರ ತಿರುಗಿ ಸತ್ತಿತು. ಗಂಡ ಸತ್ತ ದಿನದಿಂದ ನೀಲಗಂಗಮ್ಮನಿಗೆ ತುತ್ತು ಮಾಡಿ ಉಣಿಸುತ್ತಿದ್ದವಳು ಈ ಚಂದಮ್ಮ.

"ನೋಡ ನೀಲವ್ವ, ನನ್ನ ರೊಟ್ಟಿ ವಾಸನಿಗೇ ಸತ್ತದ," ಎಂದು ನಕ್ಕು ಕಸಬರಿಗೆ ಎತ್ತಿಕೊಂಡಳು.

ನೀಲಗಂಗಮ್ಮ ಅವಳ ಕೈ ಹಿಡಿದಳು. ಮೂರು ಇಲಿ, ನಾಲ್ಕು ಇಲಿ, ಎಲ್ಲ ಹೇಳಿಬಿಟ್ಟಳು. ಚಂದಮ್ಮನ ಮುಖ ಬಿಳಿಚಿತು. "ನನಗ ಹೇಳಿ ಏನಾತು? ನಿಮ್ಮ ಭಾವಗ ಹೇಳು. ಅಂವ ಅಂದ್ರ ಊರು ಏಳ್ತದ."

ನೀಲಗಂಗಮ್ಮ ಸೆರಗು ಎಳೆದುಕೊಂಡು ಚಾವಡಿಗೆ ಹೋದಳು. ಗಂಡಸರ ನಡುವೆ ನಿಂತು ಹೇಳಿದಳು. "ಭಾವ್ರ, ಸೂಜಿ ಅಲ್ಲ. ಅಡಿ ಕೋಣ್ಯಾಗ ಮೊದಲೇ ಇಲಿ ಬಿದ್ದಿದ್ದವು. ಅವ್ರು ಹಿತ್ತಲದಾಗ ಹೂತು ಮುಚ್ಚಿಟ್ರು. ನಾನೂ ಮುಚ್ಚಿಟ್ಟೆ. ಚಂದಕ್ಕನ್ನ, ಮಕ್ಕಳನ್ನ ಇವತ್ತೇ ಹೊಲಕ್ಕ ಕಳಸ್ರಿ. ಡಾಕ್ಟರಿಗಿ ಹೇಳಿ ಕಳಸ್ರಿ."

ಕಲ್ಯಾಣಪ್ಪ ಎದ್ದು ಅವಳ ಎದುರು ನಿಂತ.

"ಸತ್ತಾಂವ ಎದ್ದು ಬಂದು ಇಲ್ಲ ಅನ್ನಂಗಿಲ್ಲ ಅಂತ ಅವನ ಮ್ಯಾಲ ಹಾಕ್ತೀ?"

"ಕಂಪೌಂಡರ ಕೇಳಿದಾಗ ಇಲ್ಲ ಅಂದಿದ್ಯಲ್ಲವಾ," ಅಂದಳು ಬಂಡೆಮ್ಮ. "ನನ್ನ ಕಿವಿಲಿಂದ ಕೇಳೀನಿ. ಅವತ್ತು ಸುಳ್ಳೋ, ಇವತ್ತು ಸುಳ್ಳೋ?"

"ಅವತ್ತು ಸುಳ್ಳು," ಅಂದಳು ನೀಲಗಂಗಮ್ಮ.

"ಗಂಡ ಸತ್ತು ತಲಿ ಕೆಟ್ಟದ. ಒಳಗ ಕರಕೊಂಡು ಹೋಗ್ರಿ," ಅಂದರು ಹಿರಿಯರು.

ನಾಲ್ಕು ದಿನಕ್ಕೆ ಚಂದಮ್ಮ ಮಲಗಿದಳು. ಕಂಕುಳಲ್ಲಿ ಗಂಟು. ಅವಳಿಗೆ ಸೂಜಿಯ ಮೊನೆ ಕೂಡ ತಾಗಿರಲಿಲ್ಲ. "ನೀಲವ್ವ, ಮೊದಲೇ ಹೇಳಬಾರದಿತ್ತೇನ?" ಎಂದು ಕೇಳಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚಂದಮ್ಮನೂ ಸೇರಿ ಆ ಓಣಿಯಲ್ಲಿ ಹನ್ನೊಂದು ಮಂದಿ ಹೋದರು. ಬಂಡೆಮ್ಮನೂ ಹೋದಳು. ಆಮೇಲೆ ಜನ ಊರು ಬಿಟ್ಟು ಹೊಲ ಸೇರಿದರು. ಸೂಜಿ ಮಾತ್ರ ಬೇಡವೆಂದರು.

ನೀಲಗಂಗಮ್ಮ ಕಲಬುರಗಿಗೆ ನಡೆದು ಹೋದಳು. ಸೂಜಿ ಮಾಡಿಸಿಕೊಂಡಳು. ಬದುಕಬೇಕೆಂದಲ್ಲ. ಅದು ಕೊಲ್ಲುತ್ತದೋ ಇಲ್ಲವೋ ಮೈಮೇಲೇ ನೋಡೋಣವೆಂದು. ಒಂದು ದಿನ ಜ್ವರ ಬಂತು, ಹೋಯಿತು. ಊರಿಗೆ ಹಿಂತಿರುಗಲಿಲ್ಲ. ಕಾಳಿನ ಪೇಟೆ ಗಂಜಿನ ಹತ್ತಿರ ಒಬ್ಬರ ಮನೆಯಲ್ಲಿ ತೊಗರಿ ಒಡೆಯುತ್ತ, ಬೀಸುಕಲ್ಲಿನ ಮುಂದೆ ವರ್ಷಗಳನ್ನು ಕಳೆದಳು.

ಆರು ವರ್ಷದ ಮೇಲೆ ಕಲ್ಯಾಣಪ್ಪ ಅವಳನ್ನು ಹುಡುಕಿಕೊಂಡು ಬಂದ. ಮುದುಕನಾಗಿದ್ದ. ಕಮಲಾಪುರದಲ್ಲಿ ಮತ್ತೆ ಇಲಿ ಬಿದ್ದಿವೆ, ಡಾಕ್ಟರು ಮತ್ತೆ ಬಂದಿದ್ದಾನೆ, ಊರು ನನ್ನ ಮಾತಿಗೆ ಕಾದಿದೆ ಅಂದ.

ನೀಲಗಂಗಮ್ಮ ಕಲ್ಲು ನಿಲ್ಲಿಸಿದಳು. "ನಾ ಮಾಡಿಸ್ಕೊಂಡು ಕೂತೀನಲ್ರಿ ಭಾವ್ರ. ಆ ಹದಿನೆಂಟು ಮಂದಿ ಎಲ್ಲಾ ಅದಾರ. ಇನ್ನೂ ನಂಬಿಗಿ ಇಲ್ಲೇನು? ನಿಮ್ಮ ಕಾಲು ಬೀಳ್ತೀನಿ, ಮಾಡಿಸ್ಕೋರಿ ಅಂತ ಹೇಳ್ರಿ."

"ನೀ ಅವತ್ತು ಚಾವಡ್ಯಾಗ ಅಂದಿದ್ದು ಖರೆ ಅಂತ ನನಗ ಅವತ್ತೇ ಗೊತ್ತಿತ್ತು," ಅಂದ ಕಲ್ಯಾಣಪ್ಪ. "ಹಿತ್ತಲದಾಗ ಅಗದು ಇಲಿ ನೋಡಿದ್ದೆ."

ಅವಳು ಬೀಸುಕಲ್ಲು ಬಿಟ್ಟು ಎದ್ದಳು.

"ಅದನ್ನ ಒಪ್ಪಿದ್ರ ಚಂದಮ್ಮನ್ನ ನನ್ನ ತಮ್ಮ ಕೊಂದಂಗಾತು. ತಿಳಿದು ಸುಮ್ಮ ಕುಂತ ನಾನೂ ಕೊಂದಂಗಾತು. ಡಾಕ್ಟರ ಕೊಂದ ಅಂದ್ರ ಯಾರೂ ನಮ್ಮ ಕಡಿ ನೋಡಂಗಿಲ್ಲ. ಈಗ ಹ್ಯಾಂಗ ತಿರುಗಿಸಲಿ ನೀಲಗಂಗಾ? ಯಾವ ಬಾಯಿಲೆ ಹೇಳಲಿ?"

ಅವಳು ನೀರು ಕೊಟ್ಟಳು. ಅವನು ಕುಡಿಯದೆ ಎದ್ದು ಹೋದ.

ಆ ವರ್ಷವೂ ಕಮಲಾಪುರದಲ್ಲಿ ಯಾರೂ ತೋಳು ಕೊಡಲಿಲ್ಲ.