ಸುರಂಗಕ್ಕೆ ಬಿಸಿಲು ಕಳಿಸಿದ ಮಾಸ್ಟ್ರು

ಅವರ ಅಂಗಿಯ ಕಿಸೆಗಳು ಯಾವಾಗಲೂ ಉಬ್ಬಿ ಜೋತಾಡುತ್ತಿದ್ದವು. ಒಂದರಲ್ಲಿ ಹುಣಸೆಬೀಜ, ಇನ್ನೊಂದರಲ್ಲಿ ನಾರಿನ ಹಗ್ಗ, ಸೀಮೆಸುಣ್ಣ, ಕೆಲವೊಮ್ಮೆ ಜೀವಂತ ಬಸವನಹುಳು. ಪಂಚೆಯ ಅಂಚಿಗೆ ಸದಾ ಕೆಂಪು ಮಣ್ಣು. ನಮ್ಮ ಮಾಸ್ಟ್ರು ಶಾಲೆಗೆ ಹೊರಟದ್ದೋ ತೋಟಕ್ಕೋ ಎಂದು ಊರವರು ನಗುತ್ತಿದ್ದರು.

ಅದು ಐವತ್ತರ ದಶಕದ ಕೊನೆ. ಸುಳ್ಯದಿಂದ ಒಳಗೆ, ಐವರ್ನಾಡಿನ ಕಡೆಯ ಒಂದು ಗುಡ್ಡದ ಬುಡದಲ್ಲಿ ನಮ್ಮ ಎಲಿಮೆಂಟರಿ ಶಾಲೆ. ಎಲ್ಲ ತರಗತಿಗೂ ಅವರೊಬ್ಬರೇ. ಕಾಲು, ಅರೆ, ಮುಕ್ಕಾಲನ್ನು ಬಾಳೆಲೆ ಮಡಚಿ ಕಲಿಸಿದರು. ಭೂಗೋಳ ನಡೆಯುತ್ತಿದ್ದದ್ದು ಅಂಗಳದಲ್ಲಿ. ಒದ್ದೆ ಮಣ್ಣಿನಲ್ಲಿ ನಾವು ಗುಡ್ಡ ಕಟ್ಟಿ, ಪಯಸ್ವಿನಿಯ ದಾರಿ ಕೊರೆದು, ತಂಬಿಗೆಯಿಂದ ನೀರು ಬಿಡಬೇಕು. ನಾನು ಬಿಟ್ಟ ನೀರು ಒಮ್ಮೆ ಸುಳ್ಯ ಪೇಟೆಯನ್ನೇ ನುಂಗಿತು.

“ಪೇಟೆ ಹೋಯ್ತು ಮಾರಾಯ್ತಿ! ಇನ್ನು ನಿನ್ನಪ್ಪ ಬೆಲ್ಲಕ್ಕೆ ಎಲ್ಲಿಗೆ ಹೋಗುದು?” ಎಂದರು. ಎಲ್ಲಿ ತಪ್ಪಿತೆಂದು ಮಾತ್ರ ಹೇಳಲಿಲ್ಲ. ನಾನೇ ಗುಡ್ಡ ಕೆಡವಿ ಮತ್ತೆ ಕಟ್ಟಿದೆ. ಏನು ಕೇಳಿದರೂ ಅವರ ಮರುಪ್ರಶ್ನೆ ಒಂದೇ: “ಮುಟ್ಟಿ ನೋಡಿದ್ಯಾ?”

ಶಾಲೆಯ ಹಿಂದೆ ಒಂದು ಸುರಂಗ ಇತ್ತು. ನೀರಿಗಾಗಿ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ, ಒಬ್ಬರು ಬಗ್ಗಿ ಹೋಗುವಷ್ಟೇ ಅಗಲದ ದಾರಿ. ನಾವು ಕುಡಿಯುತ್ತಿದ್ದದ್ದು ಅದೇ ನೀರು. ನೀರು ಎಲ್ಲಿಂದ ಹುಟ್ಟುತ್ತದೆಂದು ಮೂರನೇ ಕ್ಲಾಸಿನಲ್ಲಿದ್ದ ನನ್ನ ತಂಗಿ ಕೇಳಿದಳು. ಅಷ್ಟೇ ಸಾಕಾಯಿತು. ಮಾಸ್ಟ್ರು ಸುಳ್ಯದ ಕ್ಷೌರದಂಗಡಿಯಿಂದ ಮೂಲೆ ಒಡೆದ ದೊಡ್ಡ ಕನ್ನಡಿ ತಂದರು. ಹೊರಗೆ ಬಿಸಿಲಿನಲ್ಲಿ ಒಬ್ಬರು ಕನ್ನಡಿ ಹಿಡಿದು ಬೆಳಕನ್ನು ಒಳಗೆ ಕಳಿಸಬೇಕು, ಮಕ್ಕಳು ಒಬ್ಬೊಬ್ಬರಾಗಿ ಮಾಸ್ಟ್ರ ಜೊತೆ ಹೋಗಿ ಒರತೆಯನ್ನು ಮುಟ್ಟಿ ಬರಬೇಕು. ಕತ್ತಲ ಗುಡ್ಡದೊಳಗೆ ಬಿಸಿಲು ಹರಿದದ್ದನ್ನು ನೋಡಲು ನಾವು ಒಬ್ಬರ ಮೇಲೊಬ್ಬರು ಬಿದ್ದೆವು.

ಮಾಸ್ಟ್ರು ಒಳಗಿನ ಮುರಕಲ್ಲಿನ ಗೋಡೆಯನ್ನು ತಟ್ಟಿ ನೋಡಿದ್ದರು. ಹಿಂದಿನ ರಾತ್ರಿಯ ಮಳೆಗೆ ನೆನೆದಿದ್ದ ಸುರಂಗದ ಬಾಯಿಯ ಹತ್ತಿರದ ಮಣ್ಣನ್ನು ನೋಡಿರಲಿಲ್ಲ.

ಮೊದಲ ಸರದಿ ತಂಗಿಯದು, ಪ್ರಶ್ನೆ ಅವಳದಲ್ಲವೇ. ಕನ್ನಡಿ ನನ್ನ ಕೈಯಲ್ಲಿತ್ತು. ಅವಳೂ ಮಾಸ್ಟ್ರೂ ಒರತೆಯ ಹತ್ತಿರ ತಲುಪಿರಬೇಕು, ಮೂಟೆ ಬಿದ್ದಂಥ ಸದ್ದಾಯಿತು. ಬಾಯಿಯ ಒಳಬದಿ ಮಣ್ಣು ಕುಸಿದು ದಾರಿ ಮುಚ್ಚಿತು. ಮೇಲೆ ಒಂದು ಸಂದು ಮಾತ್ರ ಉಳಿಯಿತು. ಆ ಸದ್ದು ಈಗಲೂ ನನ್ನನ್ನು ಹಗಲಲ್ಲೇ ಬೆಚ್ಚಿಬೀಳಿಸುತ್ತದೆ.

ನಾನು ಕನ್ನಡಿ ಬಿಟ್ಟು ಓಡುವವಳಿದ್ದೆ. ಸಂದಿನಿಂದ ಮಾಸ್ಟ್ರ ಸ್ವರ ಬಂತು. “ಯಾರೂ ಒಳಗೆ ಬರ್ಬೇಡಿ. ಸುರಂಗ ತೋಡಿದವರನ್ನು ಕರ್ಕೊಂಡು ಬನ್ನಿ, ಓಡಿ. ಕನ್ನಡಿಯವಳು ಅಲ್ಲೇ ನಿಲ್ಲು. ನೀನು ಬಂದ್ರೆ ನಿನ್ನ ತಂಗಿಗೆ ಕತ್ತಲೆ.”

ನಿಂತೆ. ದೊಡ್ಡ ಹುಡುಗರಿಬ್ಬರು ಊರಿನತ್ತ ಓಡಿದರು. ನಾನು ಸಂದಿಗೆ ಬೆಳಕು ಹಿಡಿದು ನಿಂತೆ. ಸ್ವಲ್ಪ ಹೊತ್ತಿಗೆ ಅದು ಪಕ್ಕಕ್ಕೆ ಸರಿಯತೊಡಗಿತು.

“ಬೆಳಕು ಜಾರ್ತಾ ಉಂಟು. ಎಂತಕ್ಕೆ?”

“ಸೂರ್ಯ ಹೋಗ್ತಾ ಇದ್ದಾನೆ ಸಾರ್,” ನಾನು ಅಳುತ್ತಾ ಕೂಗಿದೆ.

“ಸೂರ್ಯನಾ, ಭೂಮಿಯಾ?”

“ಭೂಮಿ ಸಾರ್!”

“ಹಾಂ. ಹಾಗಾದ್ರೆ ಕನ್ನಡಿ ಸ್ವಲ್ಪ ತಿರ್ಗಿಸು. ಮೆಲ್ಲ.”

ಹೀಗೆ ಪಾಠ ನಡೆಯಿತು. ಉಳಿದ ಮಕ್ಕಳೂ ಉತ್ತರ ಹೇಳುತ್ತಾ ಇದ್ದಲ್ಲೇ ನಿಂತರು. ಒಬ್ಬರೂ ಬಾಯಿಯ ಹತ್ತಿರ ಸುಳಿಯಲಿಲ್ಲ. ಸುರಂಗ ತೋಡಿದವರು ಬಂದು ಮಣ್ಣನ್ನು ಬುಡದಿಂದಲ್ಲ, ಮೇಲಿನಿಂದ ಕೈಯಲ್ಲೇ ಬಾಚಿ ತೆಗೆದರು. ಮೊದಲು ತಂಗಿ ಬಂದಳು, ಮೈಯೆಲ್ಲ ಕೆಸರು. ಮಾಸ್ಟ್ರು ತೆವಳಿ ಬರುವಾಗ ಇನ್ನೊಂದು ದೊಡ್ಡ ಮಣ್ಣಹೆಂಟೆ ಕಾಲ ಮೇಲೆ ಬಿತ್ತು. ಎಳೆದು ತೆಗೆದರು.

ಅಪ್ಪ ಓಡಿ ಬಂದವರೇ ಕೂಗಿದರು: “ಪುಸ್ತಕದಲ್ಲಿ ಪಾಠ ಇಲ್ವಾ ಮಾಸ್ಟ್ರೇ? ನನ್ನ ಮಗಳನ್ನು ಹೂತೇ ಕಲಿಸ್ಬೇಕಾ?”

“ಬಾಯಿಯ ಮಣ್ಣು ನೋಡದ್ದು ನನ್ನ ತಪ್ಪು,” ಎಂದರು ಮಾಸ್ಟ್ರು.

ಅಪ್ಪ ನಮ್ಮಿಬ್ಬರನ್ನೂ ಶಾಲೆ ಬಿಡಿಸಿದರು. ಊಟ ಬಿಟ್ಟು ಹಟ ಹಿಡಿದು ಮತ್ತೆ ಹೊರಡಿಸಿದವಳು ತಂಗಿಯೇ. ಹೋದಾಗ ಮಾಸ್ಟ್ರು ಕೋಲೂರಿಕೊಂಡು ಅಂಗಳದಲ್ಲಿದ್ದರು. ಒದ್ದೆ ಮಣ್ಣು ಹೇಗೆ ಕುಸಿಯುತ್ತದೆಂದು ಮಕ್ಕಳಿಂದ ಗುಡ್ಡ ಕಟ್ಟಿಸಿ ತೋರಿಸುತ್ತಿದ್ದರು. ತಮ್ಮ ತಪ್ಪನ್ನೇ ಪಾಠ ಮಾಡಿದ್ದರು.

ನಾನು ಪುತ್ತೂರಿನಲ್ಲಿ ಕಾಲೇಜು ಓದಿದೆ. ಲೆಕ್ಚರರು ಹಲಗೆಯ ಮೇಲೆ ಕನ್ನಡಿ ಬರೆದು ಬೆಳಕಿನ ಗೆರೆ ಎಳೆದ ದಿನ ನಾನು ಬರೆಯುವುದು ಬಿಟ್ಟು ಕಿಟಕಿಯ ಬಿಸಿಲು ನೋಡಿದೆ. ಅಂದು ಒಂದು ಮೋಡ ಬಂದಿದ್ದರೆ? ನಾನು ಓಡಿದ್ದರೆ?

ಮಾಸ್ಟ್ರು ತೀರಿಕೊಂಡ ಸುದ್ದಿ ಬಂದಾಗ ನಾನೂ ತಂಗಿಯೂ ಕಡಬದ ಆಚೆ ಇದ್ದ ಅವರ ಮನೆಗೆ ಬಸ್ಸಿನಲ್ಲಿ ಹೊರಟೆವು.

“ಅಕ್ಕಾ, ಮಾಸ್ಟ್ರು ಅವತ್ತು ಒಳಗೆ ಹೇಗೆ ನಡುಗ್ತಿದ್ರು ಗೊತ್ತುಂಟಾ?” ಎಂದಳು ತಂಗಿ. “ಹಲ್ಲು ಕಟಕಟ ಹೇಳ್ತಿತ್ತು. ನಿನ್ನ ಹತ್ರ ಮಾತಾಡುವ ಮೊದಲು ಪ್ರತಿ ಸಲ ನನ್ನ ಕೈ ಗಟ್ಟಿ ಹಿಡ್ಕೊಳ್ತಿದ್ರು.”

“ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ನೀನು?”

“ಹೇಳ್ಬೇಡ ಅಂದಿದ್ರು. ಅಕ್ಕನಿಗೆ ಗೊತ್ತಾದ್ರೆ ಅವಳ ಕೈಯೂ ನಡುಗ್ತದೆ ಅಂತ.”

ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಆ ದಿನ ಹೊರಗೆ ನಿಂತ ನನಗೆ ಕೇಳಿಸಿದ್ದು ಬೆಳಿಗ್ಗೆ ಹಾಜರಿ ಕರೆಯುವ ಅದೇ ಸ್ವರ.