ಅವ್ವ ಹಿಡಿದ ಹಗ್ಗ

ಪೋಲ್ ವಾಲ್ಟ್ ಕಲಿಯುವಾಗ ನಾನು ಬಿದ್ದದ್ದೆಲ್ಲ ಅಡಿಕೆ ಸಿಪ್ಪೆಯ ಮೇಲೆ. ಭೀಮಸಮುದ್ರದಲ್ಲಿ ಅವ್ವ ಅಡಿಕೆ ಸುಲಿಯಲು ಹೋಗುತ್ತಿದ್ದ ಕಣದ ಯಜಮಾನರು, ‘ಆ ಮೂಲೆ ಖಾಲಿ ಬಿದ್ದೈತೆ, ಅದೇನು ಹಾರ್ತಾಳೋ ಹಾರ್ಲಿ ಬಿಡು’ ಅಂದಿದ್ದರು. ಅವ್ವ ಸಿಪ್ಪೆಯನ್ನು ಚೀಲಗಳಿಗೆ ತುಂಬಿ, ಬಾಯಿ ಹೊಲಿದು ದಪ್ಪನೆಯ ಹಾಸಿಗೆ ಮಾಡಿಕೊಟ್ಟಳು. ಮೈಯೆಲ್ಲ ತುರಿಕೆ. ಈಗ ಒಳ್ಳೆಯ ಫೋಮ್ ಬೆಡ್ ಮೇಲೆ ಬಿದ್ದಾಗಲೂ ಕತ್ತು ಕೆರೆದುಕೊಳ್ಳುತ್ತೇನೆ. ನೋಡುವವರು ಅದು ನನ್ನ ಸ್ಟೈಲ್ ಅಂದುಕೊಂಡಿದ್ದಾರೆ.

ಈ ಹುಚ್ಚು ಹಿಡಿಸಿದವರು ನಮ್ಮ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು. ಶಾಲೆಯ ಹಳೇ ಫೈಬರ್ ಕೋಲನ್ನು ರಜೆಗೆ ನನ್ನ ಜೊತೆ ಕಳಿಸಿದರು. ಸರ್ಕಾರಿ ಬಸ್ಸಿನ ಮೇಲೆ ಅದನ್ನು ಕಟ್ಟುವಾಗ ಕಂಡಕ್ಟರ್, ‘ನಿನಗೆ ಫ್ರೀ ಐತೆ. ಕೋಲೇನು ಹೆಂಗಸಾ? ಅದಕ್ಕೆ ಟಿಕೆಟ್ ತಗಳವ್ವ’ ಎಂದು ಎಲ್ಲರನ್ನೂ ನಗಿಸಿದ.

ದಾಟಲು ಬಾರ್ ಇರಲಿಲ್ಲ, ಹಗ್ಗವಿತ್ತು. ಒಂದು ತುದಿ ಬೇವಿನ ಮರಕ್ಕೆ, ಇನ್ನೊಂದು ತುದಿ ಎತ್ತರದ ಗೂಟದ ಕವಲಿನ ಮೇಲಿಂದ ಇಳಿದು ಅವ್ವನ ಕೈಗೆ. ‘ಕಾಲು ತಗುಲಿದ ತಕ್ಷಣ ಬಿಟ್ಬಿಡ್ರಿ, ಇಲ್ದಿದ್ರೆ ಹುಡುಗಿ ಸಿಕ್ಕಾಕ್ಕಂತಾಳೆ’ ಎಂದು ಮೇಷ್ಟ್ರು ಹೇಳಿಕೊಟ್ಟಿದ್ದರು. ನಾನು ಎತ್ತರ ಏರಿಸುತ್ತ ಹೋದೆ. ದಿನಾ ದಾಟುತ್ತಿದ್ದೆ. ಜಂಬವೂ ಬಂತು ಅನ್ನಿ.

ಚಿತ್ರದುರ್ಗದ ಜಿಲ್ಲಾ ಕೂಟದಲ್ಲಿ ಅದೇ ಎತ್ತರಕ್ಕೆ ಬಾರ್ ಇಟ್ಟರು. ಮೂರು ಸಲವೂ ಉರುಳಿಸಿದೆ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರಿನಿಂದ ಬಂದವರೆಲ್ಲರ ಎದುರು ಮರ್ಯಾದೆ ಹೋಯಿತು.

ಮರುದಿನ ಮೇಷ್ಟ್ರು ಕಣಕ್ಕೇ ಬಂದರು. ನಾನು ಹಾರಿ ದಾಟಿದೆ. ಅವರು ನನ್ನ ಕಡೆ ನೋಡಲೇ ಇಲ್ಲ, ಅವ್ವನ ಕೈಯನ್ನೇ ನೋಡುತ್ತಿದ್ದರು.

‘ಏನವ್ವ, ಹುಡುಗಿ ಮೇಲಕ್ಕೋಗಾದ್ರೊಳಗೆ ಹಗ್ಗ ಇಳಿಸ್ತೀರಲ್ರೀ!’

‘ಮಗಳು ತಲೆಕೆಳಗಾಗಿ ಹೋಗಾದು ನೋಡಕಾಗಲ್ಲ ಸಾರ್. ಕಣ್ ಮುಚ್ಕಂತೀನಿ, ಕೈ ಸಡ್ಲ ಆಗ್ತೈತೆ’ ಅಂದಳು ಅವ್ವ.

ನನಗೆ ಮೈಯೆಲ್ಲ ಉರಿಯಿತು. ಆಮೇಲೆ ಅಳು ಬಂತು. ಹಗ್ಗ ಬೇರೆಯವರಿಗೆ ಕೊಡೋಣ ಅಂದರು ಮೇಷ್ಟ್ರು. ಅವ್ವನೂ ಒಪ್ಪಿದಳು. ಆದರೆ ಬೇರೆ ಯಾರು ಹಿಡಿದರೂ ನನಗೆ ಓಡುವ ಧೈರ್ಯವೇ ಬರಲಿಲ್ಲ. ಕೋಲು ಹಿಡಿದು ನಿಂತು ನಿಂತು ವಾಪಸ್ ಬಂದೆ.

‘ನೀನೇ ಹಿಡಿ. ಕಣ್ ಬಿಟ್ಕಂಡು ಹಿಡಿ. ತಗುಲಾವರೆಗೂ ಬಿಡಬ್ಯಾಡ’ ಅಂದೆ ಅವ್ವನಿಗೆ.

ಅವ್ವ ಹಿಡಿದಳು. ಕಾಲು ತಗುಲಿ ನಾನು ಬೀಳುವುದನ್ನು ಕಣ್ಣು ಬಿಟ್ಟು ನೋಡಿದಳು. ಒಮ್ಮೆ ನನ್ನ ಮಣಿಕಟ್ಟು ಊದಿಕೊಂಡಿತು. ಎಣ್ಣೆ ಹಚ್ಚಿ ತಿಕ್ಕುತ್ತ ಆಗಾಗ ಕಣ್ಣೊರೆಸಿಕೊಂಡಳು, ಮಾರನೆಯ ದಿನ ಮತ್ತೆ ಬಂದು ಹಗ್ಗ ಹಿಡಿದು ನಿಂತಳು. ಅಷ್ಟು ದೊಡ್ಡ ಕೆಲಸ ನಾನು ಈವರೆಗೆ ಮಾಡಿಲ್ಲ. ಹಾರುವುದು ಅದಕ್ಕಿಂತ ಸುಲಭ.

ಮುಂದಿನ ವರ್ಷ ಜಿಲ್ಲಾ ಕೂಟದಲ್ಲಿ ಗೆದ್ದೆ. ರಾಜ್ಯ ಕೂಟಕ್ಕೆ ಮೇಷ್ಟ್ರು ಅವ್ವನನ್ನೂ ಕರೆತಂದರು. ಹಳೆಯ ದಾಖಲೆಗಿಂತ ಮೇಲೆ ಬಾರ್ ಇಡಿಸಿದೆ. ಎರಡು ಸಲ ಉರುಳಿತು. ಕೊನೆಯ ಸಲ ಓಡುವ ಮುಂಚೆ ಗ್ಯಾಲರಿಯಲ್ಲಿ ಹುಡುಕಿದೆ. ಅಡಿಕೆ ಕರೆಗೆ ಕಪ್ಪಾದ ಎರಡೂ ಕೈಯಲ್ಲಿ ಅವ್ವ ಸೆರಗು ಬಿಗಿಹಿಡಿದು ನನ್ನನ್ನೇ ನೋಡುತ್ತಿದ್ದಳು. ಓಡಿದೆ. ಬೆಡ್ ಮೇಲೆ ಬಿದ್ದು ತಲೆ ಎತ್ತಿದರೆ ಬಾರ್ ಇದ್ದಲ್ಲೇ ಇತ್ತು. ರಾಜ್ಯ ದಾಖಲೆ ಎಂದು ಮೈಕಿನಲ್ಲಿ ಕೂಗಿದರು.

ಜನರನ್ನು ದಾಟಿಕೊಂಡು ಅವ್ವನ ಬಳಿಗೆ ಹೋದೆ. ಸೆರಗು ಹಗ್ಗದ ಹಾಗೆ ಹುರಿಯಾಗಿತ್ತು, ಮುಷ್ಟಿ ಇನ್ನೂ ಬಿಗಿಯಾಗೇ ಇತ್ತು.

‘ತಗುಲ್ಲಿಲ್ವೇನೇ?’ ಅಂದಳು.

‘ಇಲ್ಲ, ದಾಟ್ದೆ. ಇನ್ ಬಿಡವ್ವ’ ಅಂದೆ.