ಒಂದು ಟಗರು ಮಾರಿ ತಂದ ಟ್ಯಾಬ್

ಮಕ್ಕಳೇ, ಹರಿಯಬ್ಬೆಯ ದೊಡ್ಡಜ್ಜಿ ಎಲ್ಲಿಗೆ ಹೋದರೂ ಆ ಟ್ಯಾಬನ್ನು ಕಂಕುಳಲ್ಲಿ ಇಟ್ಟುಕೊಂಡೇ ಯಾಕೆ ಬರುತ್ತಾಳೆ ಎಂದು ನೀವು ಕೇಳಿದ್ದಿರಿ. ನಾನು ಆಗ ಏನೋ ಒಂದು ಹೇಳಿ ಒಳಗೆ ಎದ್ದುಹೋದೆ. ನಾಲ್ಕು ಜನರ ಮುಂದೆ ಮಾತು ಶುರು ಮಾಡುವುದು ನನಗೆ ಇವತ್ತಿಗೂ ಕಷ್ಟ. ಬರೆಯುವಾಗ ಯಾರೂ ಮುಖ ನೋಡುತ್ತಿರುವುದಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ದೊಡ್ಡಜ್ಜಿ ಎಂದರೆ ನನ್ನ ಅಕ್ಕ, ನನಗಿಂತ ಮೂರು ವರ್ಷ ದೊಡ್ಡವಳು. ನಾವು ಓದಿದ ಊರ ಶಾಲೆಯಲ್ಲಿ ಒಂದೇ ಕೋಣೆಯಲ್ಲಿ ನಾಲ್ಕು ತರಗತಿಗಳು ಕೂರುತ್ತಿದ್ದವು. ಮೇಷ್ಟ್ರು ಹಾಜರಿ ಕೂಗಿದಾಗ ನನ್ನ ಗಂಟಲಿಂದ ದನಿ ಏಳುತ್ತಿರಲಿಲ್ಲ. ಹಿಂದಿನ ಸಾಲಿನಿಂದ ಅಕ್ಕ "ಬಂದಾಳೆ ಸಾ" ಎನ್ನುತ್ತಿದ್ದಳು. ಗಂಡಿನ ಕಡೆಯವರು ನನ್ನನ್ನು ನೋಡಲು ಬಂದು ಹೆಸರು ಕೇಳಿದಾಗಲೂ ಹೇಳಿದ್ದು ಅವಳೇ. ಮದುವೆಯಾಗಿ ಅವಳು ಹರಿಯಬ್ಬೆಗೆ ಹೋದಳು, ನಾನು ಮಾಡದಕೆರೆಗೆ ಬಂದೆ. ನಿಮ್ಮ ತಾತ ತೀರಿಕೊಂಡ ಮೇಲೆ ಒಂದು ತಿಂಗಳು ನಮ್ಮ ಮನೆಯಲ್ಲೇ ಉಳಿದು, ಬಂದವರ ಹತ್ತಿರ ಮಾತಾಡಿದ್ದು, ತಾಲ್ಲೂಕು ಕಚೇರಿಗೆ ಬಂದು ನನ್ನ ಪರವಾಗಿ ಉತ್ತರ ಕೊಟ್ಟಿದ್ದು ಎಲ್ಲ ಅವಳೇ. ನನಗೆ ಬಾಯಿ ಬೇಕು ಎಂದು ಯಾವತ್ತೂ ಅನ್ನಿಸಿರಲಿಲ್ಲ. ಅಕ್ಕ ಇದ್ದಳಲ್ಲ.

ಅಂಥವಳಿಗೆ ಕಿವಿ ಹೋಯಿತು. ಮೊದಲು ಒಂದು, ಆಮೇಲೆ ಇನ್ನೊಂದು. ಚಿತ್ರದುರ್ಗದ ಡಾಕ್ಟರು ಕಿವಿಯ ನರ ಸೋತಿದೆ ಎಂದರು. ಕಿವಿಗೆ ಹಾಕುವ ಮಷೀನು ತಂದರು. ಅದರಲ್ಲಿ ಅವಳಿಗೆ ಕೇಳಿಸಿದ್ದು ಗೊರಗೊರ ಸದ್ದು ಮಾತ್ರ. ಅದನ್ನು ಟ್ರಂಕಿಗೆ ಹಾಕಿದಳು. ಆಮೇಲೆ ಯಾರದೋ ಮದುವೆಯಲ್ಲಿ ಒಬ್ಬರು ಮಗನ ವಿಷಯ ಕೇಳಿದರೆ ಇವಳು ಕುರಿಯ ವಿಷಯ ಹೇಳಿದಳಂತೆ, ಊಟದ ಪಂಕ್ತಿಯೆಲ್ಲ ನಕ್ಕಿತಂತೆ. ಅವತ್ತಿನಿಂದ ಅಕ್ಕ ಊರು ಬಿಟ್ಟು ಹೊರಗೆ ಬರುವುದನ್ನೇ ನಿಲ್ಲಿಸಿದಳು. ಪ್ರತಿ ವರ್ಷ ಮಹಾನವಮಿಗೆ ನಮ್ಮ ಮನೆಗೆ ಬರುತ್ತಿದ್ದವಳು ಎರಡು ವರ್ಷ ಬರಲಿಲ್ಲ. ಎರಡನೇ ವರ್ಷ ಮಗನ ಕೈಯಲ್ಲಿ ಒಂದು ಚೀಲ ಶೇಂಗಾ ಕಳಿಸಿದಳು. ಆ ಚೀಲ ನೋಡಿದಾಗ ನನಗೆ ಭಯವಾಯಿತು. ಅಕ್ಕ ಹೀಗೇ ಒಳಗೊಳಗೇ ಮುಗಿದುಹೋಗುತ್ತಾಳೆ ಎನ್ನಿಸಿತು.

ಹೊಳಲ್ಕೆರೆಯಲ್ಲಿ ಓದುತ್ತಿದ್ದ ನಿಮ್ಮಲ್ಲೊಬ್ಬಳು ಆ ರಜೆಯಲ್ಲಿ ಮನೆಗೆ ಬಂದಿದ್ದಳು. ಫೋನು ನನ್ನ ಬಾಯಿಯ ಹತ್ತಿರ ಹಿಡಿದು, "ಅಜ್ಜಿ, ಏನಾದ್ರೂ ಮಾತಾಡು" ಎಂದಳು.

"ಏನ್ ಮಾತಾಡ್ಲಿ" ಎಂದೆ.

ಆ ಎರಡು ಮಾತು ಅಕ್ಷರವಾಗಿ ಎದುರಿಗೆ ಬಂದು ನಿಂತವು. ನನಗೆ ಬೇರೇನೂ ಹೊಳೆಯಲಿಲ್ಲ. ಅಕ್ಕನಿಗೆ ಓದಲು ಬರುತ್ತದೆ ಎಂಬುದೊಂದೇ ಹೊಳೆಯಿತು.

ಫೋನಿನಲ್ಲಿ ಅಕ್ಷರ ಸಣ್ಣದು. ದಪ್ಪ ಮಾಡಿದರೆ ಒಂದು ಸಾಲಿಗೆ ಎರಡು ಪದ ಬೀಳುತ್ತಿತ್ತು, ಓದುವಷ್ಟರಲ್ಲಿ ಮೇಲಕ್ಕೆ ಓಡಿಹೋಗುತ್ತಿತ್ತು. ಟ್ಯಾಬಿನಲ್ಲಾದರೆ ಅಕ್ಷರವನ್ನು ಹುಣಸೆ ಬೀಜದಷ್ಟು ದಪ್ಪ ಇಟ್ಟರೂ ನಾಲ್ಕಾರು ಸಾಲು ನಿಲ್ಲುತ್ತವೆ ಎಂದು ಮೊಮ್ಮಗಳು ಹೇಳಿದಳು. ದುಬಾರಿಯದು ಬೇಡ, ಆಟಕ್ಕೆ ಬೇಕಾದ ಶಕ್ತಿ ಇದಕ್ಕೆ ಬೇಡ ಎಂದಳು. ಏನೇನು ನೋಡಬೇಕು ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟಳು. ಅದನ್ನು ಎಲೆ ಅಡಿಕೆ ಸಂಚಿಯಲ್ಲಿ ಇಟ್ಟುಕೊಂಡೆ.

ಹರಿಯಬ್ಬೆಗೆ ಹೋಗಿ ಇದನ್ನೆಲ್ಲ ಹಾಳೆಯ ಮೇಲೆ ಬರೆದು ಅಕ್ಕನಿಗೆ ತೋರಿಸಿದೆ. ಬೇಡ ಎಂದು ತಲೆ ಅಲ್ಲಾಡಿಸಿದಳು. ಕೆಳಗೆ ಇನ್ನೊಂದು ಸಾಲು ಬರೆದೆ: ನಾನೊಬ್ಬಳೇ ಅಂಗಡಿಗೆ ಹೋದರೆ ಅವರು ಏನು ಕೊಟ್ಟರೂ ತಂದುಬಿಡುತ್ತೇನೆ. ಅಕ್ಕ ಅದನ್ನು ಓದಿ ನಕ್ಕಳು. ಅದು ನಿಜ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

"ಒಂದು ಟಗರು ಮಾರ್ತೀನಿ" ಎಂದಳು. "ಅದರ ಮೇಲೆ ಒಂದ್ ಪೈಸೆ ಇಲ್ಲ. ನಡಿ, ಹೋಗಾಣ."

ಧರ್ಮಪುರದ ಕಡೆಯಿಂದ ಬಂದ ಬಸ್ಸಿನಲ್ಲಿ ಹಿರಿಯೂರಿಗೆ ಹೋದೆವು. ಅಂಗಡಿಯ ಗಾಜಿನ ಮೇಜಿನ ಮೇಲೆ ಐದಾರು ಟ್ಯಾಬುಗಳು ಬೆಳಗುತ್ತಾ ನಿಂತಿದ್ದವು. ಮಾರುವ ಹೆಂಗಸು "ಬರ್ರಿ ಅಜ್ಜಿ, ಕುಂತ್ಕಳ್ರಿ. ಮೊಮ್ಮಕ್ಕಳಿಗಾ?" ಎಂದಳು. ನಾನು ಅಭ್ಯಾಸದಂತೆ ಅಕ್ಕನ ಮುಖ ನೋಡಿದೆ. ಅಕ್ಕ ನನ್ನ ಮುಖ ನೋಡಿದಳು. ಅವಳಿಗೆ ಕೇಳಿಸಿಲ್ಲ, ನಾನು ಹೇಳಬೇಕು. ಚೀಟಿ ತೆಗೆದು ಆ ಹೆಂಗಸಿನ ಮುಂದೆ ಚಾಚಿದೆ.

ಅವಳು ಓದಿ ಎರಡು ಟ್ಯಾಬು ಮುಂದೆ ಇಟ್ಟಳು. ಮೂರನೆಯದೊಂದನ್ನೂ ತೋರಿಸಿ, "ಇದು ಇನ್ನೂ ಅಗ್ಗ ಅಜ್ಜಿ, ಆದ್ರೆ ಸಿಮ್ ಹಾಕಂಗಿಲ್ಲ. ಮನೇಲಿ ವೈಫೈ ಐತಾ?" ಎಂದಳು. ಅಕ್ಕನ ಮನೆಯಲ್ಲಿ ಇರುವುದು ಒಂದೇ ಫೋನು, ಅದೂ ಮಗನ ಜೊತೆ ಕುರಿ ಹಿಂದೆ ಗುಡ್ಡಕ್ಕೆ ಹೋಗುತ್ತದೆ. ಇಂಟರ್ನೆಟ್ ಇಲ್ಲದಿದ್ದರೆ ಕನ್ನಡದ ಮಾತನ್ನು ಅಕ್ಷರ ಮಾಡುವುದು ಕಷ್ಟ ಎಂದು ಮೊಮ್ಮಗಳು ಗೆರೆ ಎಳೆದು ಬರೆದಿದ್ದಳು. ಬೇಡ ಎಂದು ಕೈ ಆಡಿಸಿದೆ.

ಉಳಿದ ಎರಡರಲ್ಲಿ ಒಂದು ತೆಳ್ಳಗೆ ಹೊಳೆಯುತ್ತಿತ್ತು. ಇನ್ನೊಂದು ಕಪ್ಪಗೆ, ಸ್ವಲ್ಪ ದಪ್ಪ. ನನ್ನ ಕಣ್ಣು ಹೊಳೆಯುವುದರ ಮೇಲೇ ಇತ್ತು. ಅಷ್ಟರಲ್ಲಿ ಅಕ್ಕ ಬಗ್ಗಿ ಮೇಜಿನ ಹಿಂದೆ ನೋಡಿದಳು. ಎಲ್ಲದಕ್ಕೂ ಚಾರ್ಜಿನ ವೈರು ಚುಚ್ಚಿತ್ತು.

"ಇವೆಲ್ಲಾ ಮೇವಿನ ಮುಂದೆ ಕಟ್ಟಿದಂಗೆ ಅವೆ" ಎಂದಳು. ಕಿವಿ ಕೇಳದವರ ದನಿ ದೊಡ್ಡದು. ಅಂಗಡಿಯಲ್ಲಿದ್ದವರೆಲ್ಲ ತಿರುಗಿದರು. "ವೈರ್ ಕಿತ್ತಾಕಮ್ಮ. ಹೊಟ್ಟೆ ತುಂಬಿಸ್ಕಂಡು ನಿಂತಿರೋ ಕುರಿ ನೋಡಿ ಯಾರಾದ್ರೂ ದುಡ್ಡು ಕೊಡ್ತಾರಾ?"

ನಿಮಗೆ ಇದು ಗೊತ್ತಿರಲಾರದು. ಕುರಿ ಸಂತೆಯಲ್ಲಿ ಕೆಲವರು ಬೆಳಗಿನ ಜಾವ ಕುರಿಗೆ ಉಪ್ಪು ನೆಕ್ಕಿಸಿ, ಆಮೇಲೆ ಸಾಕಾಗುವಷ್ಟು ನೀರು ಕುಡಿಸುತ್ತಾರೆ. ಬಡಕಲು ಕುರಿಯ ಹೊಟ್ಟೆ ತಮಟೆಯಂತೆ ಬಿಗಿಯುತ್ತದೆ. ಕೊಂಡವನು ಮನೆಗೆ ಹೊಡೆದುಕೊಂಡು ಹೋಗುವುದು ನೀರಿನ ಚೀಲವನ್ನು. ಹಾಗಾಗಿ ನಮ್ಮಪ್ಪ ಮೆಚ್ಚಿದ ಕುರಿಯನ್ನು ಒಂದು ಕಡೆ ಕಟ್ಟಿಸಿ, ಒಂದು ತಾಸು ಕಾದು, ಆಮೇಲೆ ಬೆನ್ನುಮೂಳೆ ಮುಟ್ಟಿ ನೋಡುತ್ತಿದ್ದ.

"ಅಜ್ಜಿ, ಇದು ಕುರಿ ಅಲ್ಲ" ಎಂದು ಆ ಹೆಂಗಸು ನಕ್ಕಳು. ಅಕ್ಕ ನಗುವ ಬಾಯಿಗಳನ್ನು ನೋಡಿದಳು. ಮದುವೆಯ ಪಂಕ್ತಿಯಲ್ಲಿ ಆಗಿದ್ದೇ ಇಲ್ಲೂ ಆಗುತ್ತಿದೆ ಎಂದು ಅವಳ ಮುಖ ಕುಗ್ಗಿದ್ದು ನನಗೆ ಕಂಡಿತು. ಆಗ ಹೇಗೆ ಬಂತೋ ಗೊತ್ತಿಲ್ಲ, ನನ್ನ ದನಿ ನನಗೇ ಕೇಳಿಸಿತು.

"ನಮ್ಮಕ್ಕ ಹೇಳಿದ್ದು ಸರಿಯಾಗೇ ಐತೆ ಕಣಮ್ಮ. ಎರಡರದ್ದೂ ವೈರು ತೆಗೆದು, ಬೆಳಕು ಪೂರ್ತಿ ಇಟ್ಟು, ಏನಾದ್ರೂ ಓಡಿಸ್ತಾ ಇರು. ನಾವು ಟೀ ಕುಡಿದು ಬರ್ತೀವಿ."

ಒಂದು ತಾಸು ಬಿಟ್ಟು ಬಂದಾಗ ಹೊಳೆಯುವ ಟ್ಯಾಬು ಅರ್ಧಕ್ಕೆ ಇಳಿದಿತ್ತು. ಕಪ್ಪನೆಯದು ಹತ್ತರಲ್ಲಿ ಒಂದು ಪಾಲು ಮಾತ್ರ ಕಳೆದುಕೊಂಡಿತ್ತು. ಆ ಹೆಂಗಸೇ ಬಗ್ಗಿ ನೋಡಿ, "ಅಯ್ಯೋ, ನಮಗೇ ಗೊತ್ತಿರ್ಲಿಲ್ಲ" ಎಂದಳು. ಆಮೇಲೆ ಅವಳು ನಮ್ಮನ್ನು ನೋಡಿದ ರೀತಿಯೇ ಬೇರೆ. ತನ್ನ ಫೋನಿನ ಇಂಟರ್ನೆಟ್ ಕೊಟ್ಟು, ಮಾತನ್ನು ಅಕ್ಷರ ಮಾಡುವುದನ್ನು ಕಪ್ಪನೆಯದರಲ್ಲಿ ತೆರೆದು ನನ್ನ ಮುಂದೆ ಹಿಡಿದಳು. ಹೊರಗೆ ಲಾರಿಗಳ ಸದ್ದು. ನಾನು "ಅಕ್ಕ" ಎಂದೆ. ಅಕ್ಷರ ಮೂಡಿತು.

ಅಕ್ಕ ಬಗ್ಗಿ ಅದನ್ನು ಓದಿದಳು. ಆಮೇಲೆ ನನ್ನ ಕಡೆ ತಿರುಗಿ, "ಅಷ್ಟೇನೇ? ಎರಡು ವರ್ಷದಿಂದ ಕೂಡಿಟ್ಟಿದ್ದು ಇದೊಂದೇ ಮಾತಾ?" ಎಂದಳು.

ಟಗರಿನ ದುಡ್ಡು ಟ್ಯಾಬಿಗೂ ಸಿಮ್ಮಿಗೂ ಸರಿಹೋಯಿತು. ಕವರಿಗೆ ಉಳಿಯಲಿಲ್ಲ. ಹಳೆಯ ಕಂಬಳಿಯ ತುಂಡಿನಲ್ಲಿ ನಾನೇ ಒಂದು ಚೀಲ ಹೊಲಿದುಕೊಟ್ಟೆ. ಚಾರ್ಜಿಗೆ ಹಾಕುವಾಗ ಮಾತ್ರ ಚೀಲದಿಂದ ತೆಗೆಯಬೇಕು, ಇಲ್ಲದಿದ್ದರೆ ಬಿಸಿಯಾಗುತ್ತದೆ. ಅದರಲ್ಲಿ ಮೊದಲೇ ತುಂಬಿದ್ದ ಆಟಗಳನ್ನೆಲ್ಲ ಅಂಗಡಿಯ ಹೆಂಗಸು ಅಳಿಸಿಕೊಟ್ಟಿದ್ದಳು. ಹಾಗಾಗಿ ಒಂದು ಸಲ ಚಾರ್ಜ್ ಮಾಡಿದರೆ ಎರಡು ದಿನ ಬರುತ್ತಿತ್ತು.

ಹತ್ತು ದಿನವೂ ಆಗಿರಲಿಲ್ಲ, ಒಂದು ರಾತ್ರಿ ಗಂಡನ ಫೋನಿನಿಂದ ಅಕ್ಕನ ಸೊಸೆ ಕರೆ ಮಾಡಿದಳು. "ಚಿಕ್ಕತ್ತೆ, ಟ್ಯಾಬು ನೀರಿನ ಬಾನಿಗೆ ಬಿದ್ಬಿಡ್ತು. ತಕ್ಷಣ ತೆಗೆದ್ವಿ. ಈಗ ಚಾರ್ಜೇ ಆಗ್ತಿಲ್ಲ. ಅತ್ತೆ ಊಟಾನೂ ಸರಿಯಾಗಿ ಮಾಡ್ತಿಲ್ಲ."

ಮರುದಿನವೇ ಹೊರಟೆ. ಅಕ್ಕ ಟ್ಯಾಬನ್ನು ಹಳೆಯ ಸೀರೆಯಲ್ಲಿ ಸುತ್ತಿ, ಕಿವಿಯ ಮಷೀನಿದ್ದ ಅದೇ ಟ್ರಂಕಿಗೆ ಹಾಕಿಬಿಟ್ಟಿದ್ದಳು. "ನನ್ ಹಣೇಲಿ ಇಲ್ಲ ಬಿಡೇ" ಎಂದು ಗೋಡೆಯ ಕಡೆ ತಿರುಗಿ ಕೂತಳು. ಮಧ್ಯಾಹ್ನ ಊಟಕ್ಕೆ ಕೂತರೆ ಸಾರು ಬಾಯಿಗಿಡಲಾಗದಷ್ಟು ಉಪ್ಪು. ನಾನು ತಲೆ ಎತ್ತಿದೆ. ಸೊಸೆ ಸುಮ್ಮನಿರಿ ಎಂದು ಕಣ್ಸನ್ನೆ ಮಾಡಿದಳು. ಅಡುಗೆ ಅಕ್ಕನದು. ಕಿವಿ ಹೋದ ಮೇಲೆ ಅವಳಿಗೆ ಯಾರೂ ಇಂಥದ್ದನ್ನು ಹೇಳುತ್ತಿರಲಿಲ್ಲವಂತೆ. ಹೇಳಬೇಕಾದರೆ ಕೂಗಬೇಕು, ಕೂಗಿದರೆ ಜಗಳವಾಡಿದಂತಾಗುತ್ತದೆ ಎಂದು ಎಲ್ಲರೂ ಉಪ್ಪು ಸಹಿಸಿಕೊಂಡು ಉಣ್ಣುತ್ತಿದ್ದರು.

ಕೈ ತೊಳೆದು ಟ್ರಂಕು ತೆಗೆದೆ. ನೀರಿಗೆ ಬಿದ್ದ ಮೇಲೆ ಏನು ಮಾಡಿದಿರಿ ಎಂದು ಸೊಸೆಯನ್ನು ಕೇಳಿದೆ. ಪಕ್ಕದ ಮನೆಯವಳು ಅಕ್ಕಿಯಲ್ಲಿ ಹುಗಿದಿಡಿ ಎಂದಳಂತೆ. ಅಕ್ಕಿ ಇದ್ದದ್ದು ಸಣ್ಣ ಡಬ್ಬದಲ್ಲಿ, ಟ್ಯಾಬು ಹಿಡಿಸಲಿಲ್ಲ. ಅಕ್ಕ ಯೋಚಿಸಿ, ರಾಗಿ ಅಕ್ಕಿಗಿಂತ ಸಣ್ಣದು, ಸಂದುಗೊಂದಿಗೆಲ್ಲ ತಾಗಿ ನೀರು ಹೀರುತ್ತದೆ, ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಇಟ್ಟರೂ ಕೆಡದ ಕಾಳು ಎಂದು ಹೇಳಿ, ರಾಗಿ ಚೀಲದಲ್ಲಿ ಮೂರು ದಿನ ಹೂತಿಟ್ಟಳಂತೆ.

ಟ್ಯಾಬನ್ನು ಅಂಗಳಕ್ಕೆ ತಂದು ಬಿಸಿಲಿಗೆ ಓರೆಯಾಗಿ ಹಿಡಿದೆ. ವೈರು ಚುಚ್ಚುವ ತೂತಿನೊಳಗೆ ಏನೋ ಕೆಂಪಗೆ ಕಂಡಿತು. ನನಗೆ ಬೇರೇನೂ ಬರದಿದ್ದರೂ, ಜೀವಮಾನವೆಲ್ಲ ಮೊರದ ಮುಂದೆ ಕೂತ ಕಣ್ಣಿಗೆ ರಾಗಿ ಗೊತ್ತಾಗದೆ ಇರುತ್ತದೆಯೇ? ಸೂಜಿ ಹಾಕಬಾರದು ಎಂದು ಮೊಮ್ಮಗಳು ಹೇಳಿದ್ದು ನೆನಪಿತ್ತು. ಪೊರಕೆಯ ತೆಳ್ಳನೆಯ ಕಡ್ಡಿ ಮುರಿದು ಮೆಲ್ಲಗೆ ಮೀಟಿದೆ. ಒಂದು ಕಾಳು ಬಂತು, ಅದರ ಹಿಂದೆ ಇನ್ನೊಂದು. ಒಟ್ಟು ಐದು. ಕೊನೆಯದರ ತುದಿಯಲ್ಲಿ ಬಿಳಿಯ ಮೊಳಕೆ ಬಂದಿತ್ತು.

ಅಂಗೈ ಮೇಲೆ ಇಟ್ಟು ಅಕ್ಕನ ಮೂಗಿನ ಮುಂದೆ ಹಿಡಿದೆ.

ಅಕ್ಕ ಬಗ್ಗಿ ನೋಡಿದಳು. "ಮೊಳಕೆ ಒಡೆದೈತಲ್ಲೇ! ಅಂದ್ರೆ ರಾಗಿ ನೀರು ಹೀರಿದ್ದು ನಿಜ. ನಾನ್ ಹೇಳಿರ್ಲಿಲ್ವಾ?"

ವೈರು ಈಗ ಪೂರ್ತಿ ಒಳಗೆ ಕೂತಿತು. ಅರ್ಧ ಗಂಟೆ ಏನೂ ಆಗಲಿಲ್ಲ. ಇಬ್ಬರೂ ಅದನ್ನೇ ನೋಡುತ್ತಾ ಕೂತೆವು. ಆಮೇಲೆ ಗಾಜಿನ ನಡುವೆ ಸಣ್ಣದೊಂದು ಬೆಳಕು ಬಂತು. ಅಕ್ಕ ಎದ್ದುಹೋಗಿ ಟ್ರಂಕಿನ ಮುಚ್ಚಳ ಹಾಕಿದಳು. ರಿಪೇರಿ ಮಾಡುವವನೊಬ್ಬ ಆಮೇಲೆ ಹೇಳಿದ ಮಾತನ್ನು ನೀವೂ ನೆನಪಿಡಿ. ನೀರು ಬಿದ್ದರೆ ಅಕ್ಕಿಯೂ ಬೇಡ, ರಾಗಿಯೂ ಬೇಡ. ಮೊದಲು ಆಫ್ ಮಾಡಿ, ಒರೆಸಿ, ನೆರಳಿನಲ್ಲಿ ಗಾಳಿಗೆ ನಿಲ್ಲಿಸಬೇಕು. ಪೂರ್ತಿ ಒಣಗುವವರೆಗೆ ವೈರು ಮುಟ್ಟಬಾರದು.

ಮುಂದಿನ ಮಹಾನವಮಿಗೆ ಅಕ್ಕ ಮಗ ಸೊಸೆಯ ಜೊತೆ ಬಂದಳು. ಕಂಬಳಿ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿನಿಂದ ಇಳಿದವಳು ನೇರ ಅಡುಗೆ ಮನೆಗೆ ಹೋಗಿ, ಯಾರು ಬೇಡವೆಂದರೂ ಕೇಳದೆ ಸಾರು ಮಾಡಿದಳು. ಊಟಕ್ಕೆ ಕೂತಾಗ ಟ್ಯಾಬನ್ನು ಬೋರಲು ಹಾಕಿದ ಸೇರಿಗೆ ಒರಗಿಸಿ ನಡುವೆ ಇಟ್ಟಳು. ನೀವೆಲ್ಲ ಇದ್ದಿರಿ, ನಿಮಗೆ ನೆನಪಿರಬೇಕು. ಎಲ್ಲರೂ ಒಟ್ಟಿಗೆ ಮಾತಾಡಿದಿರಿ. ಗಾಜಿನ ಮೇಲೆ ಅಕ್ಷರಗಳು ಕಲಸಿಹೋದವು, ತಲೆ ಬುಡ ತಿಳಿಯಲಿಲ್ಲ. ಅಕ್ಕನ ಮುಖ ಮತ್ತೆ ಸಣ್ಣದಾಗುತ್ತದೇನೋ ಎಂದು ನಾನು ತಟ್ಟೆಯ ಮೇಲೆ ಕೈ ಇಟ್ಟುಕೊಂಡೇ ನೋಡುತ್ತಿದ್ದೆ.

ಅವಳು ಸಾರಿನ ಸೌಟು ಎತ್ತಿದಳು. "ಮಂದೆ ನುಗ್ಗಿದಂಗೆ ನುಗ್ಗಬ್ಯಾಡ್ರಲೇ! ಒಬ್ಬೊಬ್ಬರೇ. ನಾನು ಯಾರ ಕಡೆ ತೋರಿಸ್ತೀನೋ ಅವರು ಮಾತ್ರ."

ಹಾಗೇ ನಡೆಯಿತು. ಸೌಟು ಯಾರ ಕಡೆ ತಿರುಗಿದರೆ ಅವರು ಮಾತಾಡುವುದು, ಉಳಿದವರು ಬಾಯಿ ಮುಚ್ಚುವುದು. ನಮ್ಮ ಮನೆಯಲ್ಲಿ ಅಷ್ಟು ಶಿಸ್ತನ್ನು ನಾನು ಕಂಡಿರಲಿಲ್ಲ. ಅಕ್ಕ ಓದಿ ಓದಿ ಉತ್ತರ ಕೊಟ್ಟಳು, ಬೈದಳು, ನಕ್ಕಳು. ಸೌಟು ಸುತ್ತಿ ಸುತ್ತಿ ನನ್ನ ಮುಂದೆ ಬಂದು ನಿಂತಿತು.

"ಈಗ ಇವಳದು" ಎಂದಳು.

ಅಷ್ಟು ಜನ ನನ್ನ ಮಾತಿಗೆ ಕಾದದ್ದು ಅದೇ ಮೊದಲು. ಟ್ಯಾಬಿನ ಕಡೆ ಬಗ್ಗಿ, ಒಂದೊಂದೇ ಪದವನ್ನು ಬಿಡಿಸಿ ಹೇಳಿದೆ.

"ಅಕ್ಕ, ನಿನ್ನ ಸಾರಿಗೆ ಉಪ್ಪು ಜಾಸ್ತಿ."

ಅವಳು ಓದಿದಳು. ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಓದಿದಳು. ಸೌಟಿನಲ್ಲಿದ್ದ ಸಾರು ಅಂಗೈಗೆ ಬಿಟ್ಟುಕೊಂಡು ನೆಕ್ಕಿ, ಮುಖ ಕಿವುಚಿದಳು.

"ಅಬ್ಬಾ, ಬಾಯಿ ಬಂತು ನೋಡ್ರಿ ಇವಳಿಗೆ" ಎಂದು ಎಲ್ಲರ ಕಡೆ ತಿರುಗಿದಳು. "ನೀವೆಲ್ಲಾ ಇಷ್ಟು ದಿನ ಇದನ್ನೇ ಉಂಡ್ರೇನ್ರೋ? ಇನ್ನೂ ಏನೇನ್ ಮುಚ್ಚಿಟ್ಟೀರಿ, ಹೇಳ್ರಿ. ಒಬ್ಬೊಬ್ಬರೇ."